ಮಾತಾಡದ ಹುಡುಗನ ಮೌಲ್ಯಮಾಪನ: ಕುಷ್ಟಗಿ ತಾಲ್ಲೂಕಿನ ಅಂಗನವಾಡಿಯ ಒಂದು ಪ್ರಕರಣ

ಹುಡುಗನಿಗೆ ಆಗ ನಾಲ್ಕು ವರ್ಷ ಮೂರು ತಿಂಗಳು. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾಂಡಾವೊಂದರ ಅಂಗನವಾಡಿಗೆ ಹಿಂದಿನ ವರ್ಷದ ಮುಂಗಾರಿನಿಂದ ಬರುತ್ತಿದ್ದ. ಸೆಪ್ಟೆಂಬರಿನಲ್ಲಿ ಕಾರ್ಯಕರ್ತೆ ತುಂಬಿದ ಮೌಲ್ಯಮಾಪನ ಕಾರ್ಡಿನಲ್ಲಿ ಓಡುವುದು, ಹತ್ತುವುದು, ಚೆಂಡು ಎಸೆಯುವುದು ಇವುಗಳ ಮುಂದೆಲ್ಲ ‘ಹೌದು’ ಎಂದಿತ್ತು. ಭಾಷೆಯ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲವೂ ‘ಇಲ್ಲ’. ಒಂದರಿಂದ ಹತ್ತರವರೆಗೆ ಹೇಳುತ್ತಾನೆಯೇ? ಇಲ್ಲ. ಬಣ್ಣಗಳ ಹೆಸರು ಹೇಳುತ್ತಾನೆಯೇ? ಇಲ್ಲ. ಎರಡು ಸೂಚನೆಗಳನ್ನು ಒಟ್ಟಿಗೆ ಕೊಟ್ಟರೆ ಪಾಲಿಸುತ್ತಾನೆಯೇ? ಇಲ್ಲ. ಕೊನೆಯ ಷರಾ ಹೀಗಿತ್ತು: ‘ಹುಡುಗ ಮಂದ. ಮಾತಿಲ್ಲ. ಹೇಳಿದ್ದು ತಲೆಗೆ ಹೋಗುವುದಿಲ್ಲ.’

ಅಂಗನವಾಡಿ ಕಾರ್ಯಕರ್ತೆಯರಿಗೆ ಶಾಲಾಪೂರ್ವ ಶಿಕ್ಷಣದ ತರಬೇತಿ ಕೊಡುವುದು ನನ್ನ ಕೆಲಸ. ಆ ತಿಂಗಳ ವೃತ್ತ ಸಭೆಯಲ್ಲಿ ಮೇಲ್ವಿಚಾರಕಿ ಈ ಕಾರ್ಡನ್ನು ನನ್ನ ಮುಂದಿಟ್ಟರು. ಅವರಿಗೆ ಷರಾ ಒಪ್ಪಿಗೆಯಾಗಿರಲಿಲ್ಲ. ‘ಮೇಡಂ, ಇವರು ಲಂಬಾಣಿ ಮಕ್ಕಳು. ಮನೆಯಲ್ಲಿ ಕನ್ನಡವೇ ಇಲ್ಲ. ಆರು ತಿಂಗಳು ಬಿಡಿ, ತಾನಾಗಿ ಸರಿಹೋಗುತ್ತಾನೆ’ ಎಂದರು.

ಹೀಗೆ ಒಂದೇ ಮಗುವಿನ ಬಗ್ಗೆ ಎರಡು ತೀರ್ಪು ಸಿದ್ಧವಾಗಿದ್ದವು. ಒಂದು ಕಟುವಾದದ್ದು, ಇನ್ನೊಂದು ಅಕ್ಕರೆಯದು. ಹುಡುಗನ ಪಕ್ಕ ಕೂತು ನೋಡಿದ ಆಧಾರ ಎರಡಕ್ಕೂ ಇರಲಿಲ್ಲ. ಇವೆರಡರಲ್ಲಿ ಅಕ್ಕರೆಯ ತೀರ್ಪೇ ಹೆಚ್ಚು ಅಪಾಯದ್ದು ಎಂಬುದು ನನ್ನ ಅಭಿಪ್ರಾಯ. ‘ಮಂದ’ ಎಂದರೆ ಯಾರಾದರೂ ಒಬ್ಬರು ಸಿಟ್ಟಾಗಿ ಎದುರಾಡುತ್ತಾರೆ. ‘ತಾನಾಗಿ ಸರಿಹೋಗುತ್ತಾನೆ’ ಎಂದರೆ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ, ಮಗುವಿನ ಒಂದು ವರ್ಷ ಹೋಗಿಬಿಡುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಅದೇ ಕಾರಣ.

ಮನೆ, ತಾಂಡಾ, ಕೇಂದ್ರ

ತಂದೆ ತಾಯಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದವರು. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಊರಿಗೆ ಬರುತ್ತಾರೆ. ಈ ಸೀಮೆಯ ಒಣಬೇಸಾಯದಲ್ಲಿ ಸಜ್ಜೆ, ತೊಗರಿ, ಶೇಂಗಾ ಕೈಗೆ ಬಂದರೂ ವರ್ಷಪೂರ್ತಿ ಮನೆ ನಡೆಯುವುದಿಲ್ಲ. ತಾಂಡಾದ ಅನೇಕ ಮಕ್ಕಳಂತೆ ಈ ಹುಡುಗನೂ ಅಜ್ಜಿಯ ಬಳಿ ಬೆಳೆಯುತ್ತಿದ್ದ. ಮನೆಮಾತು ಲಂಬಾಣಿ. ಕಾರ್ಯಕರ್ತೆ ಎರಡು ಕಿಲೋಮೀಟರ್ ಆಚೆಯ ಊರಿನಿಂದ ಬರುವವರು. ಅವರಿಗೆ ಲಂಬಾಣಿ ಅಷ್ಟಿಷ್ಟು ತಿಳಿಯುತ್ತದೆ, ಆಡಲು ಬರುವುದಿಲ್ಲ. ಸಹಾಯಕಿ, ಎಲ್ಲರೂ ‘ಆಯಾ’ ಎನ್ನುವವರು, ತಾಂಡಾದವರೇ.

ಕೇಂದ್ರಕ್ಕೆ ಸ್ವಂತ ಕಟ್ಟಡವಿಲ್ಲ. ಸೇವಾಲಾಲರ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ನಡೆಯುತ್ತದೆ. ಉದ್ದನೆಯ ಬರಿ ಗೋಡೆ, ಮೇಲೆ ತಗಡು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಹಾಡತೊಡಗಿದರೆ ದನಿ ಗೋಡೆಗೆ ಬಡಿದು ಮರಳಿ ಬರುತ್ತದೆ. ನನಗೇ ಕಾರ್ಯಕರ್ತೆಯ ಮಾತು ಹಿಂದಿನ ಸಾಲಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ಈ ವಿವರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಡು ತುಂಬಿದ ರೀತಿಯ ಬಗ್ಗೆ ಎರಡು ಮಾತು. ತಿಂಗಳ ಕೊನೆಯಲ್ಲಿ, ಎರಡು ಮಧ್ಯಾಹ್ನಗಳಲ್ಲಿ, ಒಬ್ಬೊಬ್ಬ ಮಗುವನ್ನೂ ಮೇಜಿನ ಬಳಿ ಕರೆದು ಪ್ರಶ್ನೆ ಕೇಳಿ ಗುರುತು ಹಾಕಲಾಗಿತ್ತು. ಕಾರ್ಯಕರ್ತೆಯನ್ನು ಇದಕ್ಕಾಗಿ ದೂರುವುದು ಅನ್ಯಾಯ. ಮಕ್ಕಳ ತೂಕ, ಎತ್ತರ, ಪೋಷಣ್ ಟ್ರ್ಯಾಕರ್ ಆ್ಯಪ್‌ನ ನಮೂದು, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ಬಾಣಂತಿಯರ ಮನೆ ಭೇಟಿ ಎಲ್ಲವೂ ಅವರೊಬ್ಬರ ಹೆಗಲ ಮೇಲೆ. 1975ರಲ್ಲಿ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭವಾದಾಗ ಹೇಳಿದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಆದರೆ ದಿನದ ಹೊತ್ತಿನಲ್ಲಿ ಅದಕ್ಕೆ ಸಿಗುವ ಪಾಲು ಎಷ್ಟು ಎಂಬುದು ಅಂಗನವಾಡಿಯಲ್ಲಿ ಒಂದು ಬೆಳಿಗ್ಗೆ ಕೂತರೆ ತಿಳಿಯುತ್ತದೆ.

ಆದರೂ ಮೇಜಿನ ಬಳಿ ಕರೆದು ಪ್ರಶ್ನೆ ಕೇಳುವ ಕ್ರಮ ಈ ವಯಸ್ಸಿಗೆ ಒಪ್ಪುವಂಥದ್ದಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ (ಮೂರರಿಂದ ಎಂಟು ವರ್ಷ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಹಂತಕ್ಕೆ ಪರೀಕ್ಷೆಗಳು ತಕ್ಕುದಲ್ಲ ಎನ್ನುತ್ತದೆ. ಮಗುವನ್ನು ಗಮನಿಸುವುದು, ಮಗು ಮಾಡಿದ್ದನ್ನು ಪರಿಶೀಲಿಸುವುದು, ಈ ಎರಡು ದಾರಿಗಳನ್ನೇ ಮುಖ್ಯವಾಗಿ ತೋರಿಸುತ್ತದೆ. ನಾಲ್ಕು ವರ್ಷದ ಮಗು ಸೋಮವಾರ ಹೇಳಿದ್ದನ್ನು ಮಂಗಳವಾರ ಹೇಳದೇ ಹೋಗಬಹುದು. ಹಸಿವಾಗಿದ್ದರೆ, ಮೂಗು ಸುರಿಯುತ್ತಿದ್ದರೆ, ಎದುರಿಗೆ ಹೊಸಬರು ಕೂತಿದ್ದರೆ ಬಾಯಿ ಬಿಡುವುದೇ ಇಲ್ಲ. ಒಂದು ಮಧ್ಯಾಹ್ನದ ‘ಇಲ್ಲ’ ಆ ಮಧ್ಯಾಹ್ನದ ಸಂಗತಿಯಷ್ಟೇ.

ನೋಟ್‌ಬುಕ್ಕಿನಲ್ಲಿ ಕಂಡದ್ದು

ಕಾರ್ಡನ್ನು ಬದಿಗಿಟ್ಟು ಕೆಲವು ವಾರ ಹುಡುಗನನ್ನು ಗಮನಿಸಿ ಬರೆಯೋಣ ಎಂದು ಕಾರ್ಯಕರ್ತೆ, ಸಹಾಯಕಿ ಮತ್ತು ನಾನು ಮಾತಾಡಿಕೊಂಡೆವು. ಕಟ್ಟುಪಾಡು ಸರಳವಾಗಿತ್ತು: ದಿನಾಂಕ, ಹೊತ್ತು, ಜೊತೆಗೆ ಯಾರಿದ್ದರು, ಯಾವ ಭಾಷೆಯಲ್ಲಿ ಮಾತು ನಡೆಯಿತು, ಹುಡುಗ ಏನು ಮಾಡಿದ. ‘ಚುರುಕು’, ‘ಮಂದ’, ‘ಹಟಮಾರಿ’, ‘ನಾಚಿಕೆ’ ಇಂಥ ಪದಗಳು ಬೇಡ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಅಷ್ಟೇ. ಸಹಾಯಕಿಗೆ ಬರೆಯುವ ರೂಢಿ ಇರಲಿಲ್ಲ; ಅವರು ಹೇಳಿದ್ದನ್ನು ಕಾರ್ಯಕರ್ತೆ ಬರೆದುಕೊಳ್ಳುತ್ತಿದ್ದರು. ಈ ಪ್ರಕರಣದಲ್ಲಿ ಬಹಳ ಮುಖ್ಯವಾದ ಸಾಕ್ಷ್ಯ ಬಂದದ್ದು ಸಹಾಯಕಿಯ ಬಾಯಿಂದಲೇ.

ಮೊದಲ ವಾರದ ಒಂದು ಟಿಪ್ಪಣಿಯನ್ನು ಇದ್ದ ಹಾಗೆಯೇ ಕೊಡುತ್ತೇನೆ.

‘ಊಟದ ಹೊತ್ತು. ತಟ್ಟೆ ಹಾಕಲು ಆಯಾ ಕೈಸನ್ನೆ ಮಾಡಿದರು. ಅವನು ತಟ್ಟೆಗಳನ್ನು ಎದೆಗೆ ಒತ್ತಿಕೊಂಡು ಬಂದು ಸಾಲಿನಲ್ಲಿ ಕೂತ ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟ. ತಟ್ಟೆ ಮುಗಿದವು. ಮೂವರಿಗೆ ಇರಲಿಲ್ಲ. ಆ ಮೂವರನ್ನೂ ಒಮ್ಮೆ ನೋಡಿದ. ಅಡುಗೆ ಕೋಣೆಗೆ ಹೋಗಿ ಮೂರು ತಟ್ಟೆ ತಂದ. ಒಂದೂ ಹೆಚ್ಚು ತರಲಿಲ್ಲ.’

ಇದನ್ನು ಓದಿದಾಗ ಎಷ್ಟು ಸಂತೋಷವಾಯಿತೆಂದರೆ ಅಲ್ಲಿಯೇ ಎಲ್ಲರಿಗೂ ಓದಿ ಹೇಳಿದೆ. ‘ಒಂದರಿಂದ ಹತ್ತರವರೆಗೆ ಹೇಳುತ್ತಾನೆಯೇ’ ಎಂಬ ಪ್ರಶ್ನೆ ಬಾಯಿಪಾಠವನ್ನು ಅಳೆಯುತ್ತದೆ. ಹಾಡಿನ ಹಾಗೆ ಹತ್ತರವರೆಗೆ ಒಪ್ಪಿಸುವ ಮಗುವಿಗೆ ‘ಐದು ಕಲ್ಲು ಕೊಡು’ ಎಂದರೆ ಬೊಗಸೆ ತುಂಬ ಕೊಡುವುದನ್ನು ಯಾವ ಕಾರ್ಯಕರ್ತೆಯೂ ನೋಡಿರುತ್ತಾರೆ. ಇಲ್ಲಿ ಹುಡುಗ ಮಾಡಿದ್ದು ಸಂಖ್ಯೆಯ ಒಳಗಿನ ಕೆಲಸ. ಒಬ್ಬರಿಗೆ ಒಂದು ಎಂದು ಜೋಡಿಸಿದ, ಎಷ್ಟು ಕಡಿಮೆ ಬಿದ್ದಿದೆ ಎಂದು ಕಂಡುಕೊಂಡ, ಆ ‘ಎಷ್ಟು’ ಎಂಬುದನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮನಸ್ಸಿನಲ್ಲಿ ಹೊತ್ತೊಯ್ದ. ‘ಮಂದ’ ಎಂಬ ಷರಾ ಆ ಮೂರು ತಟ್ಟೆಗಳ ಮುಂದೆ ನಿಲ್ಲುವಂತಿರಲಿಲ್ಲ.

ಇನ್ನೊಂದು ದಿನ ಮಕ್ಕಳಿಗೆ ಎರೆಮಣ್ಣು ಕಲಸಿ ಕೊಟ್ಟಿದ್ದರು. ಉಳಿದವರು ರೊಟ್ಟಿ ತಟ್ಟುತ್ತ, ಹಾವು ಹೊಸೆಯುತ್ತ ಕೂತಿದ್ದಾಗ ಇವನು ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಅಜ್ಜಿ ಮಾಡಿದ್ದನ್ನು ನೋಡಿ ಕಲಿತ ಎತ್ತುಗಳನ್ನು ಮಾಡಿದ. ಜೋಡಿ ಎತ್ತು. ಡುಬ್ಬ ಎದ್ದು ಕಾಣುತ್ತಿತ್ತು, ಕೊಂಬು ಹೊರಕ್ಕೆ ಬಾಗಿದ್ದವು. ನೊಗಕ್ಕೆ ಒಂದು ಕಡ್ಡಿ ಹುಡುಕಿ ತಂದ. ಕಡ್ಡಿ ಉದ್ದವಾಗಿದೆ ಎಂದು ಮುರಿದು ಅಳತೆ ನೋಡಿ ಇಟ್ಟ. ಒಂದು ಎತ್ತಿನ ಕಾಲು ಕುಸಿದಾಗ ಕಾಲಿನ ಮಣ್ಣು ತೆಗೆದು, ದಪ್ಪ ಮಾಡಿ, ಮತ್ತೆ ಅಂಟಿಸಿದ. ಬೆರಳಿನ ಹಿಡಿತ, ಯೋಜನೆ, ತಪ್ಪಿದ್ದನ್ನು ತಿದ್ದುವ ತಾಳ್ಮೆ ಮೂರೂ ಆ ಎತ್ತುಗಳಲ್ಲಿ ಇದ್ದವು. ಕಾರ್ಯಕರ್ತೆ ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ದಿನಾಂಕ ಹಾಕಿಟ್ಟರು. ಮಗು ಮಾಡಿದ ಇಂಥ ವಸ್ತುವೂ ಮೌಲ್ಯಮಾಪನದ ದಾಖಲೆಯೇ.

ಅಲ್ಲಿಗೆ ಮೇಲ್ವಿಚಾರಕಿಯ ಮಾತೇ ಸರಿ ಎಂಬಂತೆ ಕಾಣತೊಡಗಿತು. ಬುದ್ಧಿ ಇದೆ, ಕೈ ಓಡುತ್ತದೆ, ಕನ್ನಡ ಮಾತ್ರ ಇಲ್ಲ. ಅಜ್ಜಿಯೂ ಅದಕ್ಕೆ ಪುಷ್ಟಿ ಕೊಟ್ಟರು. ‘ಮನೆಯಲ್ಲಿ ಇವನ ಬಾಯಿ ನಿಲ್ಲುವುದಿಲ್ಲ. ಮಲಗುವವರೆಗೆ ಮಾತು’ ಎಂದು ಅವರು ಲಂಬಾಣಿಯಲ್ಲಿ ಹೇಳಿದ್ದನ್ನು ಸಹಾಯಕಿ ನಮಗೆ ತಿಳಿಸಿದರು. ಮನೆಯಲ್ಲಿ ಮಾತಾಡುವ ಮಗು ಕೇಂದ್ರದಲ್ಲಿ ಮೌನವಾಗಿದ್ದರೆ ಭಾಷೆಯೇ ಕಾರಣ ಎಂದು ಯಾರಾದರೂ ಹೇಳುತ್ತಾರೆ. ಹೊಸ ಭಾಷೆಯ ನಡುವೆ ಬಂದ ಮಕ್ಕಳು ಕೆಲವು ತಿಂಗಳು ಬಾಯಿ ಬಿಡದೆ ಕೇಳಿಸಿಕೊಳ್ಳುವುದು ಸಹಜವೂ ಹೌದು. ಆದರೆ ಈ ಹುಡುಗ ಬರತೊಡಗಿ ವರ್ಷ ದಾಟಿತ್ತು. ಅವನ ಜೊತೆಗೇ ಸೇರಿದ ತಾಂಡಾದ ಬೇರೆ ಮಕ್ಕಳು ಆ ಹೊತ್ತಿಗೆ ಕನ್ನಡದಲ್ಲಿ ನೀರು ಕೇಳುತ್ತಿದ್ದರು, ಜಗಳ ಆಡುತ್ತಿದ್ದರು, ಚಾಡಿ ಹೇಳುತ್ತಿದ್ದರು.

ಮತ್ತೆ ನೋಟ್‌ಬುಕ್ ತಿರುವಿದಾಗ ಒಂದಕ್ಕೊಂದು ಹೊಂದದ ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬಿದ್ದವು. ಅಭಿನಯ ಗೀತೆಯ ದಿನ: ‘ಎಲ್ಲರೂ ಕೈ ಎತ್ತಿದ ಮೇಲೆ ಎತ್ತುತ್ತಾನೆ. ಎಲ್ಲರೂ ಕೂತ ಮೇಲೆ ಕೂರುತ್ತಾನೆ. ಪಕ್ಕದವಳ ಕೈಯನ್ನೇ ನೋಡುತ್ತಾನೆ.’ ಇದು ಭಾಷೆ ತಿಳಿಯದ ಮಗುವಿನ ಲಕ್ಷಣವೂ ಆಗಬಹುದು. ಹಾಗಾಗಿ ಸಹಾಯಕಿಯವರನ್ನು ತಾಂಡಾದ ಹಾಡೊಂದನ್ನು ಲಂಬಾಣಿಯಲ್ಲಿಯೇ ಆಡಿಸಲು ಕೇಳಿಕೊಂಡೆವು. ಹುಡುಗ ಆ ಹಾಡಿನಲ್ಲಿಯೂ ಒಂದು ಗಳಿಗೆ ಹಿಂದೆಯೇ ಉಳಿದ.

ನಂತರ ಬಂದ ಟಿಪ್ಪಣಿ ದಿಕ್ಕು ಬದಲಿಸಿತು. ‘ಅವನು ಗೋಡೆ ಕಡೆ ಮುಖ ಮಾಡಿ ಆಡುತ್ತಿದ್ದ. ಆಯಾ ಹಿಂದಿನಿಂದ ಲಂಬಾಣಿಯಲ್ಲಿ, ಚಿಕ್ಕಿ ಬೇಕೇನೋ ಎಂದು ಕೇಳಿದರು. ತಿರುಗಲಿಲ್ಲ. ಇನ್ನೊಮ್ಮೆ ಕೇಳಿದರು. ತಿರುಗಲಿಲ್ಲ. ಎದುರಿಗೆ ಬಂದು ಕೇಳಿದಾಗ ಕೈ ಚಾಚಿದ.’ ಶೇಂಗಾ ಚಿಕ್ಕಿ ಎಂದರೆ ಪ್ರಾಣ ಬಿಡುವ ಹುಡುಗ ಅವನು. ಅದರ ಕೆಳಗೆ, ಬೇರೆ ದಿನಾಂಕದಲ್ಲಿ ಒಂದೇ ಸಾಲು: ‘ಬಲಗಿವಿಯಲ್ಲಿ ಹತ್ತಿ. ವಾಸನೆ ಬರುತ್ತಿತ್ತು. ಇವತ್ತು ಯಾರ ಜೊತೆಗೂ ಆಡಲಿಲ್ಲ.’

ಭಾಷೆಯಲ್ಲ, ಕಿವಿ

ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿನ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ತೊಂದರೆ ಹೊಸ ಭಾಷೆಯಲ್ಲಿ ಮಾತ್ರ ಕಾಣುತ್ತದೆಯೋ, ಮನೆಮಾತಿನಲ್ಲೂ ಕಾಣುತ್ತದೆಯೋ? ಹೊಸ ಭಾಷೆಯಲ್ಲಿ ಮಾತ್ರ ಇದ್ದರೆ ಅದು ಕಲಿಕೆಯ ಹಾದಿ. ಎರಡರಲ್ಲೂ ಇದ್ದರೆ ಕಾರಣ ಬೇರೆ ಕಡೆ ಇದೆ. ಇದನ್ನು ತಿಳಿಯಲು ಮಗುವಿನ ಮನೆಮಾತು ಆಡುವವರೊಬ್ಬರು ಮೌಲ್ಯಮಾಪನದಲ್ಲಿ ಇರಲೇಬೇಕು. ಈ ಕೇಂದ್ರದಲ್ಲಿ ಅಂಥವರು ದಿನವೂ ಇದ್ದರು, ಕಸ ಗುಡಿಸುತ್ತ, ಅನ್ನ ಬೇಯಿಸುತ್ತ. ಅವರನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಅಜ್ಜಿ ಹೇಳಿದ್ದು? ಅದೂ ನಿಜವೇ. ಮನೆ ಎಂದರೆ ಒಂದು ಕೋಣೆ. ಅಜ್ಜಿ ಅವನಿಗೆ ಎದುರಾಗಿ ಕೂತು, ಹತ್ತಿರದಿಂದ, ತುಸು ಗಟ್ಟಿಯಾಗಿಯೇ ಮಾತಾಡುವವರು. ಅಲ್ಲಿ ಅವನಿಗೆ ಬೇಕಾದಷ್ಟು ಕೇಳುತ್ತಿತ್ತು. ಉಳಿದದ್ದನ್ನು ಮುಖ ನೋಡಿ ತುಂಬಿಕೊಳ್ಳುತ್ತಿದ್ದ. ತಗಡಿನ ಕೆಳಗಿನ ಸಮುದಾಯ ಭವನದಲ್ಲಿ ಅದೇ ಕಿವಿಗೆ ಗದ್ದಲ ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲ.

ಕಿವಿ ಸೋರುವುದರ ಬಗ್ಗೆ ಕೇಳಿದಾಗ ಅಜ್ಜಿಗೆ ಅಚ್ಚರಿಯಾಯಿತು. ‘ಮಕ್ಕಳಿಗೆ ಸೋರುತ್ತದೆ, ನಿಲ್ಲುತ್ತದೆ. ಇವನ ಅಪ್ಪನಿಗೂ ಸೋರುತ್ತಿತ್ತು’ ಎಂದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುತ್ತಿದ್ದರು. ಮಗುವಿನ ನೋವಿಗೆ ಎದ್ದು ಕೂತು ರಾತ್ರಿ ಕಳೆದವರು ಅವರು. ಅವರಿಗೆ ಬುದ್ಧಿ ಹೇಳುವ ದನಿಯಲ್ಲಿ ಮಾತಾಡಬಾರದು ಎಂದು ನಾವು ಮೊದಲೇ ನಿಶ್ಚಯಿಸಿದ್ದೆವು. ‘ಕಿವಿ ಡಾಕ್ಟರಿಗೆ ತೋರಿಸುವವರೆಗೆ ಏನೂ ಹಾಕುವುದು ಬೇಡ ಅಜ್ಜಿ’ ಎಂದಷ್ಟೇ ಕಾರ್ಯಕರ್ತೆ ಹೇಳಿದರು. ಅವರು ಒಪ್ಪಿದರು.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ವೈದ್ಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೋಷಕಾಂಶಗಳ ಕೊರತೆ, ಬೆಳವಣಿಗೆಯಲ್ಲಿ ವಿಳಂಬ ಇವನ್ನು ಗುರುತಿಸುವುದು ಅವರ ಕೆಲಸ. ತಂಡ ಇಲ್ಲಿಗೂ ಬಂದಿತ್ತು. ಹಾಜರಿ ಪುಸ್ತಕ ನೋಡಿದರೆ ಆ ದಿನ ಹುಡುಗ ಗೈರು. ಕಿವಿನೋವೆಂದು ಮನೆಯಲ್ಲಿದ್ದ ಎಂದು ಅಜ್ಜಿಗೆ ನೆನಪಿತ್ತು. ತಪಾಸಣೆ ಯಾರಿಗೆ ಹೆಚ್ಚು ಬೇಕೋ ಅವರೇ ಆ ದಿನ ಕೇಂದ್ರಕ್ಕೆ ಬರಲಾಗದ ಸ್ಥಿತಿಯಲ್ಲಿ ಇರುತ್ತಾರೆ. ಗೈರಾದ ಮಕ್ಕಳ ಹೆಸರನ್ನು ಬೇರೆಯಾಗಿ ಬರೆದಿಟ್ಟುಕೊಂಡು ಮುಂದಿನ ವಾರ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ರೂಢಿ ಎಲ್ಲ ಕಡೆ ಬರಬೇಕು.

ದೀಪಾವಳಿ ತಾಂಡಾದ ದೊಡ್ಡ ಹಬ್ಬ. ತಾಯಿ ಬಂದರು. ಹಬ್ಬ ಮುಗಿದ ಮೇಲೆ ತಾಯಿ, ಮಗು ಮತ್ತು ಸಹಾಯಕಿ ಕೊಪ್ಪಳದ ಆಸ್ಪತ್ರೆಗೆ ಹೋದರು. ಕಾರ್ಯಕರ್ತೆ ಶಿಫಾರಸು ಚೀಟಿಯ ಜೊತೆ ನೋಟ್‌ಬುಕ್ಕಿನ ನಾಲ್ಕು ಟಿಪ್ಪಣಿಗಳನ್ನೂ ಬರೆದು ಕೊಟ್ಟಿದ್ದರು. ಕಿವಿ ವೈದ್ಯರು ಅದನ್ನು ಪೂರ್ತಿ ಓದಿದರು ಎಂದು ಸಹಾಯಕಿ ಹೆಮ್ಮೆಯಿಂದ ಹೇಳಿದರು. ಬಲಗಿವಿಯ ತಮಟೆಯಲ್ಲಿ ತೂತು ಇತ್ತು, ಕೀವು ಇತ್ತು. ಎಡಗಿವಿಯ ತಮಟೆಯ ಹಿಂದೆ ದ್ರವ ನಿಂತಿತ್ತು. ಶ್ರವಣ ಪರೀಕ್ಷೆಯನ್ನು ಆಟದ ರೀತಿಯಲ್ಲಿ ಮಾಡಿದರು. ಶಬ್ದ ಕೇಳಿದಾಗಲೆಲ್ಲ ಒಂದು ಗುಂಡು ಬುಟ್ಟಿಗೆ ಹಾಕಬೇಕು. ಆಟದ ನಿಯಮ ಅವನಿಗೆ ಕೂಡಲೇ ಹತ್ತಿತು. ಬಲಗಿವಿಯಲ್ಲಿ ಮಧ್ಯಮ ಪ್ರಮಾಣದ, ಎಡಗಿವಿಯಲ್ಲಿ ಸೌಮ್ಯ ಪ್ರಮಾಣದ ಶ್ರವಣ ನಷ್ಟ.

ಸೌಮ್ಯ ಎಂದರೆ ಸಣ್ಣದಲ್ಲವೇ ಎಂದು ತಾಯಿ ಕೇಳಿದರಂತೆ. ಮಾತು ಕಲಿಯುವ ವಯಸ್ಸಿನಲ್ಲಿ ಅದು ಸಣ್ಣದಲ್ಲ. ಸ್ವರಗಳು ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ ಇಂಥ ಮೆಲುದನಿಯ ವ್ಯಂಜನಗಳು ಗದ್ದಲದಲ್ಲಿ ಉದುರಿಹೋಗುತ್ತವೆ. ಮಗುವಿಗೆ ‘ಯಾರೋ ಏನೋ ಹೇಳುತ್ತಿದ್ದಾರೆ’ ಎಂಬುದು ತಿಳಿಯುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ತಮಟೆಯ ಹಿಂದಿನ ದ್ರವ ಒಂದು ವಾರ ಹೆಚ್ಚು, ಇನ್ನೊಂದು ವಾರ ಕಡಿಮೆ ಇರುತ್ತದೆ. ಅದರ ಜೊತೆಗೆ ಕೇಳಿಸುವುದೂ ಏರಿಳಿಯುತ್ತದೆ. ‘ಬೇಕೆಂದಾಗ ಕೇಳುತ್ತದೆ, ಬೇಡವೆಂದಾಗ ಕೇಳುವುದಿಲ್ಲ’ ಎಂಬ ಆರೋಪ ಇಂಥ ಮಕ್ಕಳ ಮೇಲೆ ಬರುವುದು ಹೀಗೆ.

ಕಿವಿ ಶುಚಿ ಮಾಡಿ ಹನಿ ಔಷಧಿ ಕೊಟ್ಟರು. ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿ ಇಡಬೇಕು, ನೀರು, ಎಣ್ಣೆ ಯಾವುದೂ ಒಳಗೆ ಹೋಗಬಾರದು. ಎಡಗಿವಿಯನ್ನು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದೆಂದಾಯಿತು.

ಕೇಂದ್ರದಲ್ಲಿ ಬದಲಾದದ್ದು

ಔಷಧಿಯ ಕೆಲಸ ಔಷಧಿ ಮಾಡುತ್ತಿರಲು, ಇಲ್ಲಿ ಮಾಡಬೇಕಾದ್ದು ಬೇಕಾದಷ್ಟಿತ್ತು. ಹುಡುಗನನ್ನು ಮುಂದಿನ ಸಾಲಿಗೆ, ಎಡಗಿವಿ ಟೀಚರ್ ಕಡೆಗೆ ಬರುವಂತೆ ಕೂರಿಸಿದರು. ಏನಾದರೂ ಹೇಳುವ ಮೊದಲು ಭುಜ ಮುಟ್ಟಿ, ಅವನು ಮುಖ ನೋಡಿದ ಮೇಲೆ ಮಾತು. ಕಥೆಯನ್ನು ಮೊದಲ ದಿನ ಸಹಾಯಕಿ ಲಂಬಾಣಿಯಲ್ಲಿ ಹೇಳುವುದು, ಮರುದಿನ ಅದೇ ಕಥೆಯನ್ನು ಅದೇ ಚಿತ್ರಗಳೊಂದಿಗೆ ಕಾರ್ಯಕರ್ತೆ ಕನ್ನಡದಲ್ಲಿ ಹೇಳುವುದು. ಇದರಿಂದ ಹೆಚ್ಚು ಲಾಭವಾದದ್ದು ಈ ಹುಡುಗನಿಗಿಂತ ಉಳಿದ ಮಕ್ಕಳಿಗೇ ಇರಬೇಕು. ಕಥೆಯ ಹೊತ್ತಿನಲ್ಲಿ ಎದ್ದು ಓಡುತ್ತಿದ್ದವರು ಕೂರತೊಡಗಿದರು.

ಗೋಡೆಯ ಪ್ರತಿಧ್ವನಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಸಹಾಯಕಿಯೇ ದಾರಿ ಹೇಳಿದರು. ತಾಂಡಾದ ಮನೆಮನೆಯಿಂದ ಹಳೆಯ ಕೌದಿಗಳನ್ನು ಕೇಳಿ ತಂದು ಎರಡು ಗೋಡೆಗಳಿಗೆ ತೂಗುಹಾಕಿದರು, ನೆಲಕ್ಕೂ ಎರಡು ಹಾಸಿದರು. ಗದ್ದಲ ಇಲ್ಲವಾಗಲಿಲ್ಲ, ಆದರೆ ದನಿ ಮೊದಲಿನ ಹಾಗೆ ಮರಳಿ ಬಡಿಯುವುದು ನಿಂತಿತು. ಹಿಂದಿನ ಸಾಲಿನಲ್ಲಿ ಕೂತು ನಾನೇ ಕೇಳಿ ನೋಡಿದೆ.

ಕಾರ್ಡಿನಲ್ಲಿ ಮನೆಮಾತಿಗೆ ಜಾಗವಿರಲಿಲ್ಲ. ಕಾರ್ಯಕರ್ತೆ ಸ್ಕೇಲು ಹಿಡಿದು ಭಾಷೆಯ ಭಾಗದ ಪಕ್ಕ ಇನ್ನೊಂದು ಕಾಲಂ ಎಳೆದರು. ಫೆಬ್ರುವರಿಯ ನಮೂದು ಹೀಗಿದೆ. ಲಂಬಾಣಿ: ‘ಐದಾರು ಪದಗಳ ವಾಕ್ಯ ಆಡುತ್ತಾನೆ. ಕಥೆಯಲ್ಲಿ ಮುಂದೇನಾಯಿತು ಎಂದರೆ ಹೇಳುತ್ತಾನೆ. ಹುಣಸೆ ಬೀಜ ಮುಟ್ಟಿ ಆರರವರೆಗೆ ಎಣಿಸುತ್ತಾನೆ. ಸ ಸರಿಯಾಗಿ ಬರುವುದಿಲ್ಲ.’ ಕನ್ನಡ: ‘ಎರಡು ಪದ ಕೂಡಿಸಿ ಕೇಳುತ್ತಾನೆ, ನೀರು ಬೇಕು, ಚೆಂಡು ಕೊಡು. ಎದುರು ನಿಂತು ಹೇಳಿದರೆ ಎರಡು ಕೆಲಸ ಒಟ್ಟಿಗೆ ಮಾಡುತ್ತಾನೆ. ಹಿಂದಿನಿಂದ, ಗದ್ದಲದಲ್ಲಿ ಕರೆದರೆ ಇನ್ನೂ ತಿರುಗುವುದಿಲ್ಲ.’ ಈ ಕೊನೆಯ ವಾಕ್ಯ ನನಗೆ ಬಹಳ ಮೆಚ್ಚಿಗೆಯಾಯಿತು. ಪ್ರಗತಿಯ ಸಂಭ್ರಮದಲ್ಲಿ ಉಳಿದಿರುವ ತೊಂದರೆಯನ್ನು ಅವರು ಮರೆಯಲಿಲ್ಲ.

ಹಳೆಯ ಷರಾವನ್ನು ಏನು ಮಾಡುವುದೆಂಬ ಚರ್ಚೆ ಬಂತು. ಹಾಳೆಯನ್ನೇ ಬದಲಿಸಿ ಹೊಸದಾಗಿ ಬರೆಯುತ್ತೇನೆ ಎಂದು ಕಾರ್ಯಕರ್ತೆ ಕೇಳಿದರು. ‘ಮಂದ’ ಎಂಬ ಪದ ಮಗುವಿನ ಹಿಂದೆ ಒಂದನೇ ತರಗತಿಯವರೆಗೆ ಹೋಗಬಾರದು ಎಂಬ ಅವರ ಕಳಕಳಿ ನ್ಯಾಯವಾದದ್ದೇ. ಆದರೆ ದಾಖಲೆಯ ಹಾಳೆ ಹರಿಯುವುದು ಸರಿಯಲ್ಲ ಎಂದು ಮೇಲ್ವಿಚಾರಕಿ ಮತ್ತು ನಾನು ಹೇಳಿದೆವು. ಕೊನೆಗೆ ಷರಾದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಶ್ರವಣ ದೋಷ ಪತ್ತೆಯಾಗಿದೆ, ಈ ಷರಾ ಅನ್ವಯಿಸುವುದಿಲ್ಲ’ ಎಂದು ಬರೆದು ದಿನಾಂಕ ಹಾಕಿ ಕಾರ್ಯಕರ್ತೆ, ಮೇಲ್ವಿಚಾರಕಿ ಇಬ್ಬರೂ ಸಹಿ ಮಾಡಿದರು. ಅದಾದ ಮೇಲೆ ಕಾರ್ಯಕರ್ತೆ ಉಳಿದ ಮಕ್ಕಳ ಕಿವಿಗಳನ್ನೂ ನೋಡತೊಡಗಿದರು. ಸೋರುವ ಕಿವಿ ಇನ್ನಿಬ್ಬರಲ್ಲಿ ಸಿಕ್ಕಿತು.

ಉಳಿದಿರುವ ಕೆಲಸ

ಎಡಗಿವಿ ಮರುಪರೀಕ್ಷೆಯಲ್ಲಿ ತಿಳಿಯಾಗಿತ್ತು. ಬಲಗಿವಿಯ ತೂತು ಮುಚ್ಚಿಲ್ಲ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಅವನು ಇನ್ನಷ್ಟು ಬೆಳೆದ ಮೇಲೆ ನಿರ್ಧರಿಸುವುದಾಗಿ ವೈದ್ಯರು ಹೇಳಿದ್ದಾರೆ. ಉಚ್ಚಾರಕ್ಕೆ ವಾಕ್ ಚಿಕಿತ್ಸೆ ಬೇಕು. ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಹೋಗಿ ಬರುವುದು ಅಜ್ಜಿಗೆ ಸುಲಭವಲ್ಲ, ಬಸ್ಸಿನ ಚಾರ್ಜಿಗಿಂತ ಒಂದು ದಿನದ ಕೂಲಿ ಹೋಗುವುದೇ ಅವರಿಗೆ ಹೊರೆ.

ಯುಗಾದಿಗೆ ಬಂದ ತಂದೆ ತಾಯಿ ಈ ಸಲ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಮಾತಾಡಿದ್ದಾರೆ. ವಲಸೆ ಹೋಗುವ ಮಗುವಿನ ಹೆಸರನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ಇನ್ನೊಂದು ಕೇಂದ್ರಕ್ಕೆ ವರ್ಗಾಯಿಸಬಹುದು, ಆಹಾರದ ಹಕ್ಕು ಅದರೊಂದಿಗೆ ಹೋಗುತ್ತದೆ. ನೋಟ್‌ಬುಕ್ಕಿನ ಟಿಪ್ಪಣಿಗಳು ಹೋಗುವುದಿಲ್ಲ. ಅದಕ್ಕಾಗಿ ಎರಡೂ ಕಾರ್ಡುಗಳ, ಶ್ರವಣ ಪರೀಕ್ಷೆಯ ವರದಿಯ, ಮಣ್ಣೆತ್ತಿನ ಚಿತ್ರದ ಪ್ರತಿಗಳನ್ನು ತಾಯಿ ಕಾರ್ಡಿನ (ತಾಯಿ ಮಗುವಿನ ಆರೋಗ್ಯ ದಾಖಲೆ) ಜೊತೆ ಸೇರಿಸಿ ಕೊಡಲಾಗಿದೆ. ಮೇಲಿನ ಹಾಳೆಯಲ್ಲಿ ಮುಂದಿನ ಕೇಂದ್ರದ ಕಾರ್ಯಕರ್ತೆಗೆ ನಾಲ್ಕು ಸಾಲು ಬರೆದಿದ್ದೇವೆ: ಮನೆಮಾತು ಲಂಬಾಣಿ, ಕನ್ನಡ ಕಲಿಯುತ್ತಿದ್ದಾನೆ. ಬಲಗಿವಿ ಸರಿಯಾಗಿ ಕೇಳುವುದಿಲ್ಲ, ಎಡಗಿವಿ ನಿಮ್ಮ ಕಡೆ ಇರುವಂತೆ ಕೂರಿಸಿ. ಕಿವಿ ಮತ್ತೆ ಸೋರಿದರೆ ಕಾಯದೆ ಆಸ್ಪತ್ರೆಗೆ ಕಳುಹಿಸಿ. ಊಟದ ಹೊತ್ತಿನಲ್ಲಿ ತಟ್ಟೆ ಹಾಕುವ ಕೆಲಸವನ್ನು ಇವನಿಗೇ ಕೊಡಿ.